ಅವ್ವನ ಅಕ್ಕಡಿ ಸಾಲು

ನಮ್ಮೂರಿನ ಹೊಲಗಳಿಂದ ಅಕ್ಕಡಿ ಸಾಲುಗಳನ್ನು ಅಳಿಸಿಹಾಕಿದವನು ನಾನು. ಮಳೆ ಕೈಕೊಟ್ಟು ಅವು ಹೋಗಲಿಲ್ಲ, ಯುದ್ಧ ಬಂದು ಹೋಗಲಿಲ್ಲ. ಹಳ್ಳಿಗೆ ಉಪಕಾರ ಮಾಡುತ್ತೇನೆಂದು ಸ್ಕಾಲರ್‌ಶಿಪ್ಪಿನಲ್ಲಿ ವ್ಯವಸಾಯ ಓದಲು ಹೋದ ಹುಡುಗನೊಬ್ಬ ಎರಡೇ ವರ್ಷದಲ್ಲಿ ಆ ಕೆಲಸ ಮಾಡಿ ಮುಗಿಸಿದ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿ, ರೈತರ ಬಂಧು ಎಂದೆಲ್ಲ ಭಾಷಣ ಮಾಡಿದವರ ಮುಂದೆ ಹೇಳುವ ಮಾತಲ್ಲ ಅದು. ಹಾರ ಹಾಕಿಸಿಕೊಂಡು, ಕಾಫಿ ಕುಡಿದು ಮನೆಗೆ ಬಂದೆ.

ನಮ್ಮ ಹಳ್ಳಿ ಇದ್ದದ್ದು ಕಗ್ಗದಾಸಪುರದಿಂದ ಆಚೆ, ಕೃಷ್ಣರಾಜಪುರದ ಕಡೆಗೆ. ಈಗ ಅಲ್ಲಿ ಹಳ್ಳಿಯೂ ಇಲ್ಲ, ಹೊಲವೂ ಇಲ್ಲ. ಆಗ ಎಲ್ಲಿ ನೋಡಿದರೂ ರಾಗಿ. ರಾಗಿ ಎಂದರೆ ಬರೀ ರಾಗಿಯಲ್ಲ. ಕೂರಿಗೆ ಹೂಡಿ ಬಿತ್ತುವಾಗ ಒಂದಷ್ಟು ಸಾಲು ರಾಗಿಯಾದ ಮೇಲೆ ಒಂದು ಸಾಲು ಬಿಟ್ಟು, ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಹಾಕುತ್ತಿದ್ದರು. ಅದೇ ಅಕ್ಕಡಿ ಸಾಲು. ರಾಗಿಯ ಬೀಜ ಗಂಡಸರ ಕೈಯಿಂದ ಬೀಳುತ್ತಿತ್ತು. ಅಕ್ಕಡಿಯ ಕಾಳಿಗೆ ಕೂರಿಗೆಯ ಹಿಂದೆ ಬೇರೆಯೇ ಒಂದು ಬಿದಿರು ಕೊಳವೆ ಕಟ್ಟಿರುತ್ತಿದ್ದರು. ಮನೆಯ ಹೆಂಗಸು ಮಡಿಲಿನಿಂದ ಕಾಳು ತೆಗೆದು ಆ ಕೊಳವೆಗೆ ಬಿಡುತ್ತಾ ಕೂರಿಗೆಯ ಹಿಂದೆ ನಡೆಯಬೇಕು. ಬಿತ್ತಿದವಳದೇ ಬೆಳೆ. ರಾಗಿ ಕೊಯ್ದು ಕಣಕ್ಕೆ ಹೋದ ಮೇಲೂ ಅವರೆ ಹೊಲದಲ್ಲೇ ನಿಂತು ಚಳಿಗಾಲದ ಇಬ್ಬನಿಯಲ್ಲಿ ಕಾಯಿ ಕಟ್ಟುತ್ತಿತ್ತು. ಅದನ್ನು ಬಿಡಿಸುವುದು, ಮಾರುವುದು, ಬಂದದ್ದನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳುವುದು ಎಲ್ಲವೂ ಹೆಂಗಸರ ಪಾಲು. ಗಂಡಸು ಅದಕ್ಕೆ ಕೈ ಹಾಕಿದರೆ ಊರೇ ನಗುತ್ತಿತ್ತು. ಇದನ್ನು ಯಾರೂ ಯಾವ ಕಾಗದದ ಮೇಲೂ ಬರೆದಿಟ್ಟಿರಲಿಲ್ಲ.

ನಮ್ಮಪ್ಪ ಕೆಟ್ಟವನಲ್ಲ, ಆದರೆ ಕೈ ಬಲು ಬಿಗಿ. ಅವನ ಮಡಕೆಯಿಂದ ಒಂದು ಬೊಗಸೆ ರಾಗಿ ಹೊರಗೆ ಹೋಗಬೇಕಾದರೂ ಅವನನ್ನು ಕೇಳಬೇಕು. ಅವ್ವ ಅವನ ಮುಂದೆ ನಿಂತು ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಚಿಕ್ಕವನಿದ್ದಾಗ ನೋಡಲಿಲ್ಲ. ಅವಳಿಗೆ ಅವಳ ಸಾಲುಗಳಿದ್ದವು. ಎಣ್ಣೆ, ಉಪ್ಪು, ನನ್ನ ಸ್ಲೇಟು, ತವರಿಗೆ ಹೋಗುವಾಗ ಕೈಯಲ್ಲಿ ಹಿಡಿಯುವ ಹಣ್ಣು, ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ಅದಕ್ಕೇ ಅವಳ ನಡಿಗೆಯಲ್ಲಿ ಒಂದು ಗತ್ತು ಇತ್ತು. ಮಾತಿನಲ್ಲೂ ಇತ್ತು.

ಅವರೆಯ ಕಾಲದಲ್ಲಿ ಊರ ಹೆಂಗಸರು ಸಾಲಾಗಿ ಬುಟ್ಟಿ ಹೊತ್ತು ಬ್ಲಾಕ್‌ಪಲ್ಲಿಯ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಆಮೇಲೆ ಶಿವಾಜಿನಗರವಾದದ್ದು ಅದೇ. ಈಗ ಇಂದಿರಾನಗರವೆನ್ನುವ ಕಡೆಯ ಹೊಲಗಳ ಬದುವಿನ ಮೇಲೆ ನಡೆದು, ಹಲಸೂರು ಕೆರೆಯ ಏರಿ ಬಳಸಿ ಹೋಗಬೇಕು. ಅವ್ವ ಒಳ್ಳೆಯ ಕಾಯನ್ನು ಮಾರ್ಕೆಟ್ಟಿನಲ್ಲಿ ಸುರಿಯುತ್ತಿರಲಿಲ್ಲ. ಅದನ್ನು ಬೇರೆ ಇಟ್ಟು, ರಿಚರ್ಡ್ಸ್ ಟೌನಿನಲ್ಲಿದ್ದ ಒಬ್ಬ ನಿವೃತ್ತ ಅಧಿಕಾರಿಯ ಬಂಗಲೆಗೆ ಕೊಡುತ್ತಿದ್ದಳು. ಆ ಹಿರಿಯರಿಗೆ ನಮ್ಮವ್ವನ ಅವರೆ ಎಂದರೆ ಪ್ರಾಣ. ಒಂದು ದಿನ ನಾನೂ ಜೊತೆಗಿದ್ದೆ. ಹುಡುಗ ಏನು ಓದುತ್ತಿದ್ದಾನೆ ಎಂದು ಅವರು ಕೇಳಿದರು. ಹೈಸ್ಕೂಲು ಮುಗಿಸಿದ್ದಾನೆ, ಮುಂದಕ್ಕೆ ದಾರಿಯಿಲ್ಲ ಎಂದಳು ಅವ್ವ. ನಾಚಿಕೆಯೂ ಇಲ್ಲ, ಅಂಗಲಾಚುವುದೂ ಇಲ್ಲ, ಕಾಯಿಯ ಬೆಲೆ ಹೇಳಿದಷ್ಟೇ ಸಲೀಸಾಗಿ ಹೇಳಿದಳು.

ಅವರು ತಮ್ಮ ತಂದೆಯ ಹೆಸರಿನಲ್ಲಿ ಒಂದು ಸ್ಕಾಲರ್‌ಶಿಪ್ ಇಡಬೇಕೆಂದಿದ್ದರಂತೆ. ಅದು ನನ್ನ ಪಾಲಿಗೆ ಬಂತು.

"ಓದಿ ಗುಮಾಸ್ತ ಆಗ್ಬೇಡ ಕಣಯ್ಯ. ಗುಮಾಸ್ತರಿಗೇನು ಬರ ಇಲ್ಲ. ಅಗ್ರಿಕಲ್ಚರ್ ಓದು. ರಜಾ ಬಂದಾಗ ಕಲ್ತಿದ್ದನ್ನ ನಿಮ್ಮೂರಲ್ಲಿ ಮಾಡಿ ತೋರ್ಸು. ವರ್ಷಕ್ಕೊಂದು ರಿಪೋರ್ಟ್ ಬರ್ದು ತಂದು ನಂಗೆ ಓದಿ ಹೇಳು. ಅಷ್ಟೇ ನನ್ನ ಕಂಡೀಷನ್" ಎಂದರು.

ದಾರಿಯಲ್ಲಿ ಅವ್ವ ಖಾಲಿ ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಕೇಳಿದಳು, "ರಿಪೋಟು ಅಂದ್ರೇನ್ಲಾ?"

"ಊರಿಗೆ ನಾನೇನು ಒಳ್ಳೇದು ಮಾಡ್ದೆ ಅಂತ ಬರಿಯೋದು."

"ಮಾಡಿದ್ಮೇಲೆ ಬರಿಯೋದೇನೈತೆ? ಊರಿಗೇ ಗೊತ್ತಾಗಲ್ವಾ?" ಎಂದು ನಕ್ಕಳು.

ವ್ಯವಸಾಯದ ಶಾಲೆ ಪಟ್ಟಣದ ಇನ್ನೊಂದು ದಿಕ್ಕಿಗಿತ್ತು. ನಾನು ಉಳಿದದ್ದು ಹಲಸೂರಿನ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಮಾರ್ಕೆಟ್ಟಿಗೆ ಹೋಗುವಾಗ ಅವ್ವ ದಾರಿಯಲ್ಲಿ ನಿಂತು ನನಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು ಹೋಗುತ್ತಿದ್ದಳು. ಮೊದಮೊದಲು ಓಡಿಹೋಗಿ ಇಸಿದುಕೊಳ್ಳುತ್ತಿದ್ದೆ. ನನಗೆ ಬೂಟು, ಖಾಕಿ ಚಡ್ಡಿ, ಬಿಸಿಲಿಗೊಂದು ಟೊಪ್ಪಿ ಬಂದ ಮೇಲೆ ತಲೆಗೆ ಕೊಂಬೂ ಬಂದಿತು. ಗೆಳೆಯರೆದುರು ಅವಳ ಬುಟ್ಟಿ, ಮಂಡಿಯವರೆಗೆ ಎತ್ತಿ ಕಟ್ಟಿದ ಸೀರೆ, ಇಬ್ಬನಿಗೆ ಕೆಸರಾದ ಕಾಲು ಇವೆಲ್ಲ ಕಣ್ಣಿಗೆ ಚುಚ್ಚತೊಡಗಿದವು. ಮುಂದಿನ ಬಾಗಿಲಿಗೆ ಬರಬೇಡ, ಹಿಂದೆ ಅಡುಗೆಮನೆಯ ಕಡೆ ಬಾ ಎಂದೆ. "ಆಯ್ತು ಬಿಡಪ್ಪ" ಎಂದಳು. ಆ ದಿನದ ಮೇಲೆ ಯಾವತ್ತೂ ಮುಂದಿನ ಬಾಗಿಲಿಗೆ ಬರಲಿಲ್ಲ.

ತರಗತಿಯಲ್ಲಿ ಒಬ್ಬ ಮೇಷ್ಟ್ರು ನಿಮ್ಮೂರಲ್ಲಿ ರಾಗಿ ಹೇಗೆ ಬಿತ್ತುತ್ತೀರಿ ಎಂದು ಕೇಳಿದರು. ನಾನು ಅಕ್ಕಡಿಯ ವಿಚಾರ ಹೇಳಿದೆ.

"ಅದೇನು ಹೊಲವೋ ಸಂತೆಯೋ?" ಎಂದರು. ತರಗತಿ ಗೊಳ್ಳೆಂದು ನಕ್ಕಿತು. ರಾಗಿಗೆ ಸಲ್ಲಬೇಕಾದ ನೆಲ, ನೀರು, ಗೊಬ್ಬರ ಎಲ್ಲವನ್ನೂ ಆ ಸಾಲುಗಳು ತಿಂದುಹಾಕುತ್ತವೆ, ಆರಿಸಿದ ಬೀಜ ತೆಗೆದುಕೊಂಡು ಹೊಲ ತುಂಬ ರಾಗಿಯೊಂದನ್ನೇ ಬಿತ್ತಬೇಕು ಎಂದು ವಿವರಿಸಿದರು. ಅವರು ಹೇಳಿದ್ದು ಸುಳ್ಳೇನಲ್ಲ. ರಾಗಿಯನ್ನಷ್ಟೇ ಅಳೆದರೆ ಅದು ಸತ್ಯವೇ. ಆದರೆ ಆ ನಗು ನನ್ನ ಎದೆಗೆ ನಾಟಿತು. ನಮ್ಮೂರಿನ ಸಂತೆಯನ್ನು ಹೊಲ ಮಾಡಿಯೇ ತೀರುತ್ತೇನೆ ಎಂದುಕೊಂಡೆ.

ಎರಡನೆಯ ವರ್ಷದ ರಜೆಯಲ್ಲಿ ಆರಿಸಿದ ಬೀಜದ ಚೀಲ ತಂದು, ಅರಳಿಕಟ್ಟೆಯ ಮೇಲೆ ಕೂತು ಭಾಷಣ ಬಿಗಿದೆ. ಅಪ್ಪನನ್ನು ಒಪ್ಪಿಸಿದೆ. ಅಕ್ಕಪಕ್ಕದ ಹೊಲದವರನ್ನು ಒಪ್ಪಿಸಿದೆ. ರಾಗಿ ಜಾಸ್ತಿಯಾಗುತ್ತದೆ ಎಂದರೆ ಬೇಡವೆನ್ನುವ ಗಂಡಸು ಯಾರು? ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳನ್ನೂ ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕೇಳಬೇಕೆಂದು ಹೊಳೆದೂ ಕೇಳದೆ ಬಿಟ್ಟಿದ್ದರೆ ಅದು ಬರೀ ಹೆದರಿಕೆಯಾಗುತ್ತಿತ್ತು. ಹೊಳೆಯಲೇ ಇಲ್ಲ ಎಂಬುದಕ್ಕೆ ಆ ನೆಪವೂ ಇಲ್ಲ.

ಬಿತ್ತನೆಯ ದಿನ ಕೂರಿಗೆಗೆ ಅರಿಸಿನ ಕುಂಕುಮ ಹಚ್ಚಿದ್ದಾಯಿತು. ಅವ್ವ ಎಂದಿನಂತೆ ಸ್ನಾನ ಮಾಡಿ, ಮಡಿಲಿನಲ್ಲಿ ಅವರೆಕಾಳು ತುಂಬಿಕೊಂಡು ಹೊಲಕ್ಕೆ ಬಂದಳು. ಕೂರಿಗೆಯ ಹಿಂದೆ ಅವಳ ಕೊಳವೆ ಇರಲಿಲ್ಲ. ಬೆಳಿಗ್ಗೆಯೇ ನಾನು ಬಿಚ್ಚಿಟ್ಟಿದ್ದೆ.

"ಕೊಳವೆ ಎಲ್ಲೋ?" ಎಂದಳು.

"ಈ ಸಲ ಬೇಡ ಅವ್ವ. ಬರೀ ರಾಗಿ."

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಎತ್ತಿನ ಕೊರಳಿನ ಹಗ್ಗ ಸರಿಮಾಡುತ್ತಿದ್ದ. ಎಷ್ಟು ಹೊತ್ತು ಸರಿಮಾಡಿದನೋ. ಅವ್ವ ಒಂದು ಕೈಯಲ್ಲಿ ಮಡಿಲನ್ನು ಹಿಡಿದುಕೊಂಡೇ ತಿರುಗಿ ನಡೆದಳು. ನಾನು ಎತ್ತುಗಳನ್ನು ಹೊಡೆಯಲು ಹೇಳಿದೆ. ಸಂಜೆ ಮನೆಗೆ ಬಂದಾಗ ಅವಳು ಕಾಳನ್ನು ಮತ್ತೆ ಬೂದಿ ಬೆರೆಸಿದ ಮಡಕೆಗೆ ಹಾಕಿ, ಬಾಯಿಗೆ ಸಗಣಿ ಮೆತ್ತಿದ್ದಳು. ನನಗೆ ಬಿಸಿ ಮುದ್ದೆ ಬಡಿಸಿದಳು.

ರಾಗಿ ಬಂತು ನೋಡಿ! ಹಾಗೆ ಬಂದದ್ದನ್ನು ನಮ್ಮೂರು ನೋಡಿರಲಿಲ್ಲ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊಯ್ಲಿಗೆ ಮೊದಲು ಗೂಟ ಹೊಡೆದು, ಹಗ್ಗ ಕಟ್ಟಿ, ಒಂದು ತುಂಡು ಜಾಗದ ಪೈರನ್ನು ಬೇರೆಯಾಗಿ ಕೊಯ್ದು ತೂಗಿದರೆ ಇಡೀ ಹೊಲದ ಇಳುವರಿ ಗೊತ್ತಾಗುತ್ತದೆ ಎಂದು ನಮಗೆ ಕಲಿಸಿದ್ದರು. ಆ ತುಂಡನ್ನು ಕಣ್ಣು ಮುಚ್ಚಿ ಆರಿಸಬೇಕು ಎಂದೂ ಕಲಿಸಿದ್ದರು. ನಾನು ಕಣ್ಣು ಬಿಟ್ಟುಕೊಂಡೇ ಆರಿಸಿದೆ. ಕೆರೆಯ ಕಡೆಯ ಮೂಲೆಗೆ ಹಿಂದಿನ ಬೇಸಿಗೆಯಲ್ಲಿ ಅಪ್ಪ ಗಾಡಿಗಟ್ಟಲೆ ಹೂಳು ಹೊಡೆಸಿದ್ದ. ಅಲ್ಲಿ ತೆನೆಗಳು ಮುಷ್ಟಿಯಷ್ಟಿದ್ದವು. ಗೂಟ ಹೊಡೆದದ್ದು ಅಲ್ಲಿಯೇ. ಮೋಸ ಮಾಡುತ್ತಿದ್ದೇನೆ ಎಂದು ಅನಿಸಲಿಲ್ಲ. ಮನೆಗೆ ನೆಂಟರು ಬಂದಾಗ ಒಳ್ಳೆಯ ಚಾಪೆ ಹಾಸುವುದಿಲ್ಲವೆ, ಹಾಗೆ ಅಂದುಕೊಂಡೆ.

ರಿಪೋರ್ಟನ್ನು ಇಂಗ್ಲಿಷಿನಲ್ಲಿ ಬರೆದು, ಬಂಗಲೆಯ ವರಾಂಡದಲ್ಲಿ ನಿಂತು ಓದಿದೆ. ಹಿರಿಯರು ಕಣ್ಣು ಮುಚ್ಚಿಕೊಂಡು ಕೇಳಿದರು. ಇಳುವರಿಯ ಮಾತು ಬಂದಾಗ ಕಣ್ಣು ಬಿಟ್ಟು, "ಇನ್ನೊಂದ್ಸಲ ಓದು" ಎಂದರು. ಓದಿದೆ. ಬೆನ್ನು ತಟ್ಟಿದರು. ಅವರ ಹಳೆಯ ಸಹೋದ್ಯೋಗಿಗಳು ಇನ್ನೂ ರೆವಿನ್ಯೂ ಇಲಾಖೆಯಲ್ಲಿದ್ದರು. ನಮ್ಮ ಹುಡುಗನ ಕೆಲಸ ಅವರೂ ನೋಡಲಿ ಎಂದು ಅದನ್ನು ಟೈಪು ಮಾಡಿಸಿ ಕಳಿಸಿಕೊಟ್ಟರು. ಬರೀ ಹೆಮ್ಮೆಯಿಂದ ಮಾಡಿದರು, ಅವರ ಮೇಲೆ ನನ್ನ ದೂರೇನಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಹೊಲದಲ್ಲಿ ಕೊಯ್ದ ಕೂಳೆ ಬಿಟ್ಟರೆ ಏನೂ ಇರಲಿಲ್ಲ. ಒಂದು ದಿನ ಬ್ಲಾಕ್‌ಪಲ್ಲಿಯ ಮಾರ್ಕೆಟ್ಟಿನಲ್ಲಿ ಹೋಗುತ್ತಿದ್ದಾಗ, ಅವ್ವನಿಂದ ಕಾಯಿ ಕೊಳ್ಳುತ್ತಿದ್ದ ತರಕಾರಿ ಅಂಗಡಿಯ ಸಾಹೇಬರು ನನ್ನನ್ನು ಗುರುತು ಹಿಡಿದು ಕರೆದರು. "ಕ್ಯಾ ಬಾಬಾ, ಅಕ್ಕ ಯಾಕೆ ಬರ್ತಾ ಇಲ್ಲ? ಸೀಜನ್ ಮುಗೀತಾ ಬಂತು."

ಅವಳಿಗೆ ಹುಷಾರಿಲ್ಲ ಎಂದುಬಿಟ್ಟೆ. ಆ ಪುಣ್ಯಾತ್ಮರು ತಕ್ಷಣ ಪಕ್ಕದ ಅಂಗಡಿಯಿಂದ ಕಿತ್ತಳೆ ಹಣ್ಣು ತಂದು ಕಟ್ಟಿಕೊಟ್ಟು, "ಅಕ್ಕಂಗೆ ಸಲಾಂ ಹೇಳಿ, ದುವಾ ಮಾಡ್ತೀನಿ ಅಂತ ಹೇಳಿ" ಎಂದರು. ಹಣ್ಣನ್ನು ದಾರಿಯಲ್ಲೇ ತಿಂದು ಮುಗಿಸಬಹುದಿತ್ತು. ಮನೆಗೆ ತೆಗೆದುಕೊಂಡು ಹೋದೆ.

"ಯಾರಿಗ್ಲಾ ಹುಷಾರಿಲ್ಲ?" ಎಂದಳು ಅವ್ವ, ಹಣ್ಣಿನ ಗಂಟು ನೋಡಿ. ನಾನು ಹೇಳಿದ ಸುಳ್ಳನ್ನು ಒಪ್ಪಿಕೊಂಡೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. "ನಾನು ಬದುಕಿರೋವಾಗ್ಲೇ ನನ್ನ ಮಲಗ್ಸಿಬಿಟ್ಟೆ ನೋಡು" ಎಂದು ಹಣ್ಣುಗಳನ್ನು ಪಕ್ಕದ ಮನೆಯ ಮಕ್ಕಳಿಗೆ ಹಂಚಿದಳು. ತಾನೊಂದು ತೊಳೆಯನ್ನೂ ಬಾಯಿಗೆ ಹಾಕಲಿಲ್ಲ.

ಮುಂದಿನ ಮುಂಗಾರಿಗೆ ಇಡೀ ಊರು ನನ್ನ ದಾರಿಗೆ ಬಂತು. ಯಾವ ಕೂರಿಗೆಯ ಹಿಂದೆಯೂ ಹೆಂಗಸರಿಲ್ಲ. ಮಳೆ ಪರವಾಗಿಲ್ಲ ಎನ್ನುವಷ್ಟು ಬಂತು, ರಾಗಿಯೂ ಹಾಗೆಯೇ. ಆ ಹೊತ್ತಿಗೆ ಯುದ್ಧಕಾಲದ ಲೆವಿ ಬಿಗಿಯಾಗಿತ್ತು. ಬೆಳೆದವನ ಮನೆಗೆ ಇಷ್ಟೆಂದು ಬಿಟ್ಟು ಮಿಕ್ಕ ಧಾನ್ಯವನ್ನು ಸರ್ಕಾರ ಹಾಕಿದ ಬೆಲೆಗೆ ಒಪ್ಪಿಸಬೇಕಿತ್ತು. ಮುಂಚೆಯೂ ಕೇಳಲು ಬಂದಿದ್ದರು. ಆದರೆ ಅಕ್ಕಡಿಯ ಹೊಲದಲ್ಲಿ ರಾಗಿ ಎಷ್ಟು, ಮಿಕ್ಕದ್ದೆಷ್ಟು ಎಂದು ಅಳೆಯಲು ಹೋಗಿ ಶಾನುಭೋಗರಿಗೇ ತಲೆ ಕೆಡುತ್ತಿತ್ತು. ಒಂದು ಅಂದಾಜಿಗೆ ಬರೆದುಕೊಂಡು ಹೋಗುತ್ತಿದ್ದರು, ಉಳಿದದ್ದರಲ್ಲಿ ಮನೆ ನಡೆಯುತ್ತಿತ್ತು. ಅವರೆ, ತೊಗರಿಯನ್ನಂತೂ ಯಾರೂ ಕೇಳುತ್ತಿರಲಿಲ್ಲ. ಈ ಸಲ ಅಮಲ್ದಾರರ ಕಚೇರಿಯವರು ಬಂದಾಗ ಅಂದಾಜಿನ ಗೋಜೇ ಇರಲಿಲ್ಲ. ಅವರ ಕೈಯಲ್ಲಿ ಟೈಪು ಮಾಡಿದ ಕಾಗದವಿತ್ತು.

"ಇಷ್ಟು ಬೆಳೆಯೋದೇ ಇಲ್ಲ ಸ್ವಾಮಿ" ಎಂದು ಅಪ್ಪ ಕೈಮುಗಿದ.

"ನಿಮ್ಮೂರ ಹುಡುಗನೇ ತೂಕ ಹಾಕಿ ಬರ್ದಿದಾನಲ್ರೀ. ನಿಮ್ಮ ಮಗನೇ ಅಲ್ವಾ?" ಎಂದರು ಬಂದವರು.

ಕಣದಿಂದಲೇ ಗಾಡಿಗಳು ತುಂಬಿ ಕೃಷ್ಣರಾಜಪುರದ ಸ್ಟೇಷನ್ನಿನ ಕಡೆಗೆ ಹೋದವು. ಕೆರೆಯ ಮೂಲೆಯ ಹೂಳಿನಲ್ಲಿ ಬೆಳೆದಷ್ಟನ್ನು ಊರಿನ ಪ್ರತಿ ಹೊಲವೂ ಬೆಳೆದಿದೆ ಎಂದು ಹಿಡಿದು ಹೊತ್ತೊಯ್ದರು. ನಾನು ಆ ವಾರ ಊರಿನಲ್ಲೇ ಇದ್ದೆ. ಯಾರೂ ನನ್ನನ್ನು ಬೈಯಲಿಲ್ಲ. ಕಟ್ಟೆಯ ಮೇಲೆ ನನಗೆ ಜಾಗ ಮಾಡಿಕೊಡುತ್ತಿದ್ದವರು ನಾನು ಬಂದರೆ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು.

ವಾರ ಮುಗಿದ ಮಾರನೆಯ ದಿನವೇ ರಿಚರ್ಡ್ಸ್ ಟೌನಿಗೆ ಹೋದೆ. ಗೂಟ ಎಲ್ಲಿ ಹೊಡೆದಿದ್ದೆ ಎಂಬುದನ್ನು ಹಿರಿಯರಿಗೆ ಹೇಳಿದೆ. ಅವರು ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದು ಮೇಜಿನ ಮೇಲಿಟ್ಟರು.

"ಅಳತೆ ತಪ್ಪಾಗಿದೆ ಅಂತ ಬರ್ದು ಸೈನ್ ಮಾಡ್ಕೊಡು. ನಾನೇ ಹೋಗಿ ಅಮಲ್ದಾರ್ರನ್ನ ನೋಡ್ತೀನಿ. ಆದ್ರೆ ಒಂದು ತಿಳ್ಕೊ. ನೀನು ಸುಳ್ಳು ರಿಪೋರ್ಟ್ ಬರ್ದಿದೀಯ ಅಂತಾಗುತ್ತೆ. ನಿಮ್ಮ ಸ್ಕೂಲಿಗೆ ನಾನು ತಿಳಿಸ್ಲೇಬೇಕು. ಸರ್ಟಿಫಿಕೇಟ್ ಕೊಡ್ತಾರೋ ಇಲ್ವೋ ನನಗೆ ಗೊತ್ತಿಲ್ಲ. ಯೋಚ್ನೆ ಮಾಡು."

ಪರೀಕ್ಷೆಗೆ ಕೆಲವೇ ತಿಂಗಳಿತ್ತು. ಪೆನ್ನು ತೆಗೆದುಕೊಂಡೆ. ತಾರೀಖು ಬರೆದೆ. ಊರಿನ ಹೆಸರು ಬರೆದೆ. ಅಲ್ಲಿಗೆ ನಿಲ್ಲಿಸಿ, ನಾಳೆ ಬರೆದು ತರುತ್ತೇನೆ ಎಂದೆ. ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಅವರಿಗೆ ಗೊತ್ತಾಯಿತು. ನನಗೂ ಗೊತ್ತಿತ್ತು. ಆಮೇಲೆ ಅವರಾಗಲಿ ನಾನಾಗಲಿ ಆ ಮಾತು ಎತ್ತಲಿಲ್ಲ. ಕೊನೆಯ ಕಂತಿನವರೆಗೂ ಸ್ಕಾಲರ್‌ಶಿಪ್ ತಪ್ಪದೆ ಬಂತು. ಹೇಡಿತನಕ್ಕೆ ನಾನು ಬೇರೆ ಯಾವ ಹೆಸರನ್ನೂ ಕೊಡುವುದಿಲ್ಲ. ಆ ಒಂದು ಹಾಳೆ ಬರೆದಿದ್ದರೆ ಊರಿನ ಲೆವಿ ಇಳಿಯುತ್ತಿತ್ತು, ನಾನು ಹಳ್ಳಿಗೆ ವಾಪಸಾಗಿ ಅಪ್ಪನ ಹಿಂದೆ ಉಳುತ್ತಿದ್ದೆ, ಅಷ್ಟೇ ತಾನೆ ಆಗುತ್ತಿದ್ದದ್ದು?

ಆ ಬೇಸಿಗೆ ಊರಿನವರು ಬದುಕಿದ್ದು ಹೆಂಗಸರ ಮಡಕೆಗಳಿಂದ. ಬೀಜಕ್ಕೆಂದು ಬೂದಿಯಲ್ಲಿ ಇಟ್ಟಿದ್ದ ಅವರೆ, ತೊಗರಿ, ಜೋಳ ಒಂದೊಂದಾಗಿ ಒಲೆಯ ಮೇಲೇರಿದವು. ಅವ್ವ ಕೊನೆಯ ಮಡಕೆಯ ಬಾಯಿ ಒಡೆದದ್ದನ್ನು ನೋಡಿದೆ. ಕಾಳನ್ನು ತೊಳೆದು ಬೂದಿ ಬಿಡಿಸುತ್ತಾ ಕೂತಿದ್ದಳು. ಎದುರಿಗೆ ಕೂತು, ಮುಂದಿನ ಸಲ ಅಕ್ಕಡಿ ಹಾಕೋಣ ಅವ್ವ, ಬೀಜ ನಾನು ಎಲ್ಲಿಂದಲಾದರೂ ತರುತ್ತೇನೆ ಎಂದೆ.

ಅಪ್ಪ ಜಗಲಿಯಿಂದಲೇ ಹೇಳಿದ. "ಎಲ್ಲಿ ಹಾಕ್ತೀಯಾ? ಪೂರಾ ಹೊಲ ರಾಗಿ ಅಂತ ಬರ್ಕೊಂಡವ್ರೆ. ಒಂದು ಸಾಲು ಅವರೆಗೆ ಬಿಟ್ರೆ ಆ ಸಾಲಿನ ರಾಗೀನ ಎಲ್ಲಿಂದ ತಂದು ಒಪ್ಪಿಸ್ಲಿ?"

ಅವ್ವ ತಲೆಯೆತ್ತಲಿಲ್ಲ. "ನೀನು ನಿಮ್ಮಪ್ಪನ್ನ ಕೇಳ್ದೆ. ಪಕ್ಕದ ಹೊಲದೋರ್ನ ಕೇಳ್ದೆ. ಮೇಷ್ಟ್ರನ್ನ ಕೇಳ್ದೆ. ಅದು ಯಾರ ಸಾಲು ಅಂತ ನಿಂಗೆ ಗೊತ್ತಿರ್ಲಿಲ್ವಾ ಮಗಾ?" ಎಂದಳು.

ಉತ್ತರಕ್ಕೆ ಕಾಯದೆ, ನೀರು ಬಸಿದು ಒಲೆಯ ಕಡೆಗೆ ಎದ್ದು ಹೋದಳು.

ಪರೀಕ್ಷೆ ಪಾಸಾಯಿತು. ಅದೇ ರಿಪೋರ್ಟಿನ ಬಲದಿಂದ ನನಗೆ ರೈತರಿಗೆ ಬೇಸಾಯ ಕಲಿಸುವ ಸರ್ಕಾರಿ ನೌಕರಿ ಸಿಕ್ಕಿತು. ಇಂಟರ್‌ವ್ಯೂನಲ್ಲಿ ಅದನ್ನು ಮುಂದಿಟ್ಟುಕೊಂಡೇ ನನ್ನನ್ನು ಹೊಗಳಿದರು. ಹೊಗಳಿಸಿಕೊಂಡೆ. ಅವ್ವ ಕೂಲಿಗೆ ಹೋಗತೊಡಗಿದ್ದಳು. ಬೇರೆಯವರ ಹೊಲದಲ್ಲಿ ಕಳೆ ಕೀಳುವುದು, ಮಿಲಿಟರಿಯವರ ರಸ್ತೆಗೆ ಜಲ್ಲಿ ಹೊರುವುದು. ಆ ಕೂಲಿಯೂ ಮೇಸ್ತ್ರಿಯ ಕೈಯಿಂದ ನೇರವಾಗಿ ಅಪ್ಪನ ಕೈಗೆ ಹೋಗುತ್ತಿತ್ತು, ಏಕೆಂದರೆ ಕೂಲಿಯ ದುಡ್ಡಿಗೆ ಅಕ್ಕಡಿಯ ಕಟ್ಟಳೆ ಇರಲಿಲ್ಲ. ಮಗ ನೌಕರಿಯಲ್ಲಿದ್ದಾನಲ್ಲ, ನೀನು ಕೂಲಿ ಬಿಡು ಎಂದೆ. ಬಿಟ್ಟಳು. ಅದನ್ನೂ ಅವಳಿಗೆ ಮಾಡಿದ ಉಪಕಾರವೆಂದೇ ನಾನು ತಿಳಿದಿದ್ದೆ.

ಒಂದು ಹಬ್ಬಕ್ಕೆ ಊರಿಗೆ ಹೋಗಿದ್ದೆ. ಮಧ್ಯಾಹ್ನ ಊಟ ಮಾಡಿ ಜಗಲಿಯ ಮೇಲೆ ಕೂತಿದ್ದೆ, ಅಪ್ಪ ಮನೆಯಲ್ಲಿರಲಿಲ್ಲ. ಬೀದಿಯಲ್ಲಿ ಬಳೆಗಾರನ ಕೂಗು ಕೇಳಿಸಿತು. ಅಕ್ಕಪಕ್ಕದ ಬಾಗಿಲುಗಳಿಂದ ಯಾವ ಹೆಂಗಸೂ ಹೊರಗೆ ಬರಲಿಲ್ಲ. ಅವನು ಎರಡು ಸಲ ಕೂಗಿ ಮುಂದಕ್ಕೆ ಹೊರಟ. ಆಗ ಅವ್ವ ಬಾಗಿಲಿಗೆ ಬಂದು, ಕಂಬ ಹಿಡಿದು ನಿಂತಳು. ಅವಳ ಕೈಯಲ್ಲಿ ಒಂದೊಂದೇ ಬಳೆ ಉಳಿದಿತ್ತು. ಏನೋ ಹೇಳಬೇಕೆಂದು ಬಂದು ಹೇಳದೆ ನಿಂತ ಅವಳನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಮಗಾ, ಬಳೆ ಇಕ್ಕಿಸ್ಕೊಬೇಕಿತ್ತು" ಎಂದಳು. "ನಾಕಾಣೆ ಇದ್ರೆ ಕೊಟ್ಟಿರ್ತೀಯಾ? ನಿಮ್ಮಪ್ಪ ಬಂದ್ಮೇಲೆ ಹೇಳ್ತೀನಿ, ಯಾತಕ್ಕೆ ಅಂತ."

ಜೇಬಿನಿಂದ ತೆಗೆದು ಕೊಟ್ಟೆ. ಮೇಸ್ತ್ರಿಯ ಮುಂದೆ ನಿಂತ ಕೂಲಿಯವಳಂತೆ ಎರಡೂ ಕೈ ಒಡ್ಡಿ ತೆಗೆದುಕೊಂಡಳು.